ಎಷ್ಟು ಜನ ವಾಪಸ್ ಬಂದಿದ್ದೀರಿ?

ನಮಸ್ಕಾರ. ನಮ್ಮ ಮಂಗಳೂರು ಕಡೆ ಚರ್ಚಿನಲ್ಲಿ ಭಾನುವಾರದ ಪೂಜೆ ತಪ್ಪಿಸಿದರೆ ದೇವರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಗುರಿಕಾರರಿಗೆ. ನಗಬೇಡಿ, ನಿಜ. ಒಂದು ಚರ್ಚಿನ ವ್ಯಾಪ್ತಿಯ ಮನೆಗಳನ್ನು ವಾಳೆಗಳಾಗಿ ಹಂಚಿರುತ್ತಾರೆ. ಪ್ರತಿ ವಾಳೆಗೂ ಒಬ್ಬ ಗುರಿಕಾರ. ಯಾರ ಮನೆಯಲ್ಲಿ ಎಷ್ಟು ಜನ, ಯಾರು ದುಬೈಗೆ ಹೋದರು, ಯಾರ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಯಾರು ವಂತಿಗೆ ಕೊಟ್ಟಿಲ್ಲ, ಎಲ್ಲ ಅವರ ತಲೆಯಲ್ಲಿ ಇರುತ್ತದೆ. ಸಣ್ಣವನಿದ್ದಾಗ ನನಗೆ ಈ ಗುರಿಕಾರರನ್ನು ಕಂಡರೆ ಸಿಟ್ಟು. ಇವರಿಗೆ ಬೇರೆಯವರ ಮನೆ ಲೆಕ್ಕ ಯಾಕೆ ಬೇಕು ಅನ್ನಿಸುತ್ತಿತ್ತು.

ಇವತ್ತು ನಾನು ಮಾತಾಡಬೇಕಾದ ವಿಷಯ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ್ದು, 2005ರ ಕತ್ರಿನಾ ಚಂಡಮಾರುತದ ನಂತರದ್ದು. ಆದರೂ ಗುರಿಕಾರರಿಂದ ಶುರು ಮಾಡಿದೆ. ಯಾಕೆ ಅಂತ ಆಮೇಲೆ ತಿಳಿಯುತ್ತದೆ.

ಮೊದಲು ಒಂದು ಪದದ ವಿಷಯ ಹೇಳಿಬಿಡುತ್ತೇನೆ. ಕನ್ನಡದಲ್ಲಿ ನಾವು ಧರ್ಮಕೇಂದ್ರ ಅನ್ನುವುದನ್ನು ಇಂಗ್ಲಿಷಿನಲ್ಲಿ ಪ್ಯಾರಿಷ್ ಅನ್ನುತ್ತಾರೆ. ಅಂದರೆ ಒಂದು ಚರ್ಚು, ಅದಕ್ಕೆ ಸೇರಿದ ಜನ, ಅವರಿರುವ ಜಾಗ. ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನ ರಾಜ್ಯದಲ್ಲಿ ಜಿಲ್ಲೆಗೂ ಪ್ಯಾರಿಷ್ ಅಂತಲೇ ಹೆಸರು. ಫ್ರೆಂಚರು, ಸ್ಪೇನಿನವರು ಆಳಿದ ನಾಡು. ಚರ್ಚಿನ ಗಡಿಯೇ ಆಡಳಿತದ ಗಡಿಯಾಗಿ ಉಳಿದುಬಿಟ್ಟಿತು. ಹಾಗಾಗಿ ಅಲ್ಲಿನ ಸುದ್ದಿ ಓದುವಾಗ ಪ್ಯಾರಿಷ್ ಮುಳುಗಿತು ಅಂದರೆ ಚರ್ಚೋ ಜಿಲ್ಲೆಯೋ ಅಂತ ಒಮ್ಮೆ ಯೋಚಿಸಬೇಕು. ಕತ್ರಿನಾ ಬಂದಾಗ ಎರಡೂ ಮುಳುಗಿದವು.

2005ರ ಆಗಸ್ಟ್ 29, ಸೋಮವಾರ ಬೆಳಿಗ್ಗೆ ಚಂಡಮಾರುತ ಲೂಸಿಯಾನದ ಕರಾವಳಿಗೆ ಬಡಿಯಿತು. ನ್ಯೂ ಆರ್ಲಿಯನ್ಸ್ ಒಂದು ಬೋಗುಣಿ ಇದ್ದ ಹಾಗೆ. ಒಂದು ಕಡೆ ಮಿಸಿಸಿಪ್ಪಿ ನದಿ, ಇನ್ನೊಂದು ಕಡೆ ಪಾಂಚರ್‌ಟ್ರೇನ್ ಸರೋವರ. ಊರಿನ ಅರ್ಧದಷ್ಟು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಸುತ್ತ ಏರಿ ಕಟ್ಟಿ, ಒಳಗಿನ ನೀರನ್ನು ಪಂಪು ಹಾಕಿ ಹೊರಗೆ ಚೆಲ್ಲುತ್ತಾ ಬದುಕುವ ಊರು. ಅವತ್ತು ಕಾಲುವೆಗಳ ಗೋಡೆ ಒಡೆಯಿತು, ಏರಿಗಳು ಕುಸಿದವು. ನಗರದ ಶೇಕಡಾ 80 ಭಾಗ ನೀರಿನಡಿ ಹೋಯಿತು. ಕೆಲವು ಕಡೆ ವಾರಗಟ್ಟಲೆ ನೀರು ಹಾಗೇ ನಿಂತಿತ್ತು.

ನೀರು ನಿಂತು ಇಳಿದ ಮನೆ ಹೇಗಿರುತ್ತದೆ ಅಂತ ನಮ್ಮಲ್ಲಿ ಮಳೆಗಾಲ ನೋಡಿದವರಿಗೆ ಸ್ವಲ್ಪ ಗೊತ್ತು. ಆದರೆ ಅಲ್ಲಿನ ಮನೆಗಳ ಗೋಡೆ ನಮ್ಮ ಕಲ್ಲಿನ ಗೋಡೆಯಲ್ಲ. ಮರದ ಚೌಕಟ್ಟು, ಅದರ ಮೇಲೆ ಜಿಪ್ಸಂ ಹಲಗೆ. ನೀರು ಕುಡಿದರೆ ಹಲಗೆ ರೊಟ್ಟಿ ನೆನೆದ ಹಾಗೆ ಆಗುತ್ತದೆ. ಒಳಗಿಂದ ಕಪ್ಪು ಬೂಸ್ಟು ಸೂರಿನವರೆಗೂ ಹತ್ತುತ್ತದೆ. ಹಾಗಾಗಿ ಮನೆ ತೊಳೆದರೆ ಸಾಲದು. ಒಳಗಿನದೆಲ್ಲ ಕಿತ್ತು ಬೀದಿಗೆ ಹಾಕಿ, ಬರೀ ಮರದ ಅಸ್ಥಿಪಂಜರ ಉಳಿಸಿಕೊಂಡು, ಅದು ಒಣಗಿದ ಮೇಲೆ ಮತ್ತೆ ಕಟ್ಟಬೇಕು. ಫ್ರಿಜ್ಜುಗಳದ್ದು ಬೇರೆಯೇ ಕಥೆ. ಕರೆಂಟಿಲ್ಲದೆ ವಾರಗಟ್ಟಲೆ ಮಾಂಸ, ಮೀನು ಕೊಳೆತ ಫ್ರಿಜ್ಜನ್ನು ಯಾರೂ ತೆರೆಯುವ ಧೈರ್ಯ ಮಾಡಲಿಲ್ಲ. ಸುತ್ತ ಟೇಪು ಬಿಗಿದು ಹಾಗೇ ಬೀದಿ ಬದಿಗೆ ತಂದಿಟ್ಟರು. ಊರಿಗೆ ಊರೇ ಫ್ರಿಜ್ಜುಗಳ ಸಾಲು.

ಈ ಕಿತ್ತುಹಾಕುವ ಕೆಲಸಕ್ಕೆ ಕಥೋಲಿಕ ಸಂಸ್ಥೆಗಳು ದೊಡ್ಡದಾಗಿಯೇ ಕೈಹಾಕಿದವು. ಅಲ್ಲಿನ ಕ್ಯಾಥೊಲಿಕ್ ಚಾರಿಟೀಸ್ ‘ಆಪರೇಷನ್ ಹೆಲ್ಪಿಂಗ್ ಹ್ಯಾಂಡ್ಸ್’ ಅಂತ ಶುರು ಮಾಡಿತು. ದೇಶದ ಮೂಲೆಮೂಲೆಯ ಚರ್ಚುಗಳಿಂದ, ಕಾಲೇಜುಗಳಿಂದ ಹುಡುಗರು ಬಂದು, ಮುಖಕ್ಕೆ ಮಾಸ್ಕು ಕಟ್ಟಿ, ವಯಸ್ಸಾದವರ, ಬಡವರ ಮನೆಗಳನ್ನು ಬಿಟ್ಟಿಯಾಗಿ ಖಾಲಿ ಮಾಡಿಕೊಟ್ಟರು. ಅಲ್ಲಿನ ಮಹಾಧರ್ಮಪ್ರಾಂತ್ಯದ, ಅಂದರೆ ಆ ಪ್ರದೇಶದ ಎಲ್ಲ ಧರ್ಮಕೇಂದ್ರಗಳನ್ನು ನೋಡಿಕೊಳ್ಳುವ ಆಡಳಿತದ, ಜೊತೆಗಿರುವ ಸೆಕೆಂಡ್ ಹಾರ್ವೆಸ್ಟ್ ಅನ್ನುವ ಆಹಾರ ಭಂಡಾರ ಹಸಿದವರಿಗೆ ಊಟ ಹೊಂದಿಸಿತು. ಇದೆಲ್ಲ ಒಳ್ಳೆಯ ಕೆಲಸವೇ. ಆದರೆ ಇಂಥದ್ದು ಎಲ್ಲ ವಿಪತ್ತಿನಲ್ಲೂ ನಡೆಯುತ್ತದೆ, ಅಲ್ವಾ? ಅದನ್ನು ಹೇಳಲು ನಿಮ್ಮನ್ನು ಇಷ್ಟು ಹೊತ್ತು ಕೂರಿಸಬೇಕಿರಲಿಲ್ಲ. ನನಗೆ ಹೇಳಬೇಕಿರುವುದು ಎರಡು ಚರ್ಚುಗಳ ವಿಷಯ.

ಮೊದಲನೆಯದು ಊರಿನ ಪೂರ್ವದ ಕೊನೆಯಲ್ಲಿದೆ. ಮೇರಿ ಕ್ವೀನ್ ಆಫ್ ವಿಯೆಟ್ನಾಮ್, ಅಂದರೆ ವಿಯೆಟ್ನಾಮಿನ ರಾಣಿ ಮರಿಯಮ್ಮ. ಆ ಬಡಾವಣೆಗೆ ಜನ ಕರೆಯುವ ಹೆಸರು ವರ್ಸೈ. ಫ್ರಾನ್ಸಿನ ಅರಮನೆ ನೆನಪಾಗುತ್ತದೆ, ಆದರೆ ಹೆಸರು ಬಂದದ್ದು ವರ್ಸೈ ಆರ್ಮ್ಸ್ ಅನ್ನುವ ಒಂದು ಸಾಧಾರಣ ಅಪಾರ್ಟ್‌ಮೆಂಟಿನಿಂದ. 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ಕೈಗೆ ಬಿದ್ದ ಮೇಲೆ ಓಡಿಬಂದ ವಿಯೆಟ್ನಾಮಿ ನಿರಾಶ್ರಿತರನ್ನು ಅಲ್ಲಿನ ಕಥೋಲಿಕ ಸಂಸ್ಥೆಗಳು ಈ ಅಪಾರ್ಟ್‌ಮೆಂಟಿಗೆ ತಂದು ಇಳಿಸಿದ್ದವು. ಆಗ ಫಿಲಿಪ್ ಹ್ಯಾನನ್ ಅಲ್ಲಿನ ಮಹಾಧರ್ಮಾಧ್ಯಕ್ಷರು, ಅಂದರೆ ಆರ್ಚ್‌ಬಿಷಪ್.

ಈ ಜನರಲ್ಲಿ ಬಹಳಷ್ಟು ಮಂದಿಯ ಮೂಲ ಉತ್ತರ ವಿಯೆಟ್ನಾಮಿನ ಕಥೋಲಿಕ ಹಳ್ಳಿಗಳು. 1954ರಲ್ಲಿ ದೇಶ ಎರಡು ಹೋಳಾದಾಗ ಊರು ಬಿಟ್ಟು ದಕ್ಷಿಣಕ್ಕೆ ಬಂದರು. ಬರುವಾಗ ಊರಿನ ಪಾದ್ರಿ, ಊರಿನ ಹಿರಿಯರು, ಎಲ್ಲ ಒಟ್ಟಿಗೆ. 1975ರಲ್ಲಿ ಮತ್ತೆ ಓಟ, ಸಮುದ್ರ ದಾಟಿ. ಲೆಕ್ಕ ಹಾಕಿ ನೋಡಿ. 1954ರಲ್ಲಿ 20 ವರ್ಷದ ಹುಡುಗಿಯಾಗಿದ್ದವಳಿಗೆ ಕತ್ರಿನಾ ಹೊತ್ತಿಗೆ 71. ಅವಳ ಬದುಕಿನಲ್ಲಿ ಇದು ಮೂರನೇ ಸಲ ಗಂಟುಮೂಟೆ ಕಟ್ಟುವುದು.

ಚಂಡಮಾರುತ ಬಂದಾಗ ಅಲ್ಲಿನ ಗುರು ಫಾದರ್ ವಿಯೆನ್ ತೆ ನ್ಗುಯೆನ್. ಅವರೂ 1975ರಲ್ಲಿ ಹುಡುಗನಾಗಿ ಬಂದವರೇ. ಊರು ಬಿಡಲಾಗದೆ ಉಳಿದವರ ಜೊತೆ ಅವರೂ ಉಳಿದರು. ನೀರು ಏರಿದಾಗ ಧರ್ಮಕೇಂದ್ರದ ಶಾಲೆಯ ಮಹಡಿ ನೂರಾರು ಜನರಿಗೆ ಆಸರೆಯಾಯಿತು. ಫಾದರ್ ದೋಣಿಯಲ್ಲಿ ಓಡಾಡಿ ಜನರನ್ನು ತಂದು ಸೇರಿಸಿದರು. ಕೊನೆಗೆ ಎಲ್ಲರನ್ನೂ ಹೊರಗೆ ಸಾಗಿಸಲಾಯಿತು. ಅಲ್ಲಿಂದ ಜನ ಚದುರಿಹೋದರು. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್, ಆರ್ಕನ್ಸಾ. ಆರ್ಕನ್ಸಾದಲ್ಲಿ ನಿರಾಶ್ರಿತರಿಗೆ ತೆರೆದ ಜಾಗಗಳಲ್ಲಿ ಒಂದು ಫೋರ್ಟ್ ಚಾಫಿ. ಹಳೆಯ ಸೇನಾ ನೆಲೆ. 1975ರಲ್ಲಿ ವಿಯೆಟ್ನಾಮಿನಿಂದ ಬಂದ ಸಾವಿರಾರು ಜನರನ್ನು ಇಳಿಸಿದ್ದ ಅದೇ ಶಿಬಿರ! ಮೂವತ್ತು ವರ್ಷದ ನಂತರ ಅದರ ಬಾಗಿಲು ಮತ್ತೆ ತೆರೆದಿತ್ತು.

ಈಗ ಗುರಿಕಾರರು ಬರುತ್ತಾರೆ. ಆ ಧರ್ಮಕೇಂದ್ರವನ್ನೂ ನಮ್ಮ ವಾಳೆಗಳ ಹಾಗೆಯೇ ಸಣ್ಣ ಸಣ್ಣ ಭಾಗ ಮಾಡಿದ್ದರು. ಪ್ರತಿ ಭಾಗಕ್ಕೂ ಮುಖಂಡರಿದ್ದರು. ವಿಯೆಟ್ನಾಮಿನ ಹಳ್ಳಿಯ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಫಾದರ್ ವಿಯೆನ್ ಟೆಕ್ಸಸ್ಸಿಗೆ, ಆರ್ಕನ್ಸಾಗೆ ಓಡಾಡಿ ತಮ್ಮ ಜನರನ್ನು ಹುಡುಕಿದರು. ಹ್ಯೂಸ್ಟನ್ನಿನ ವಿಯೆಟ್ನಾಮಿ ರೇಡಿಯೊದಲ್ಲಿ ಸುದ್ದಿ ಹೋಯಿತು. ಅಲ್ಲಿನ ವಿಯೆಟ್ನಾಮಿ ಅಂಗಡಿಗಳ ದೊಡ್ಡ ಮಾಲ್ ಒಂದರ ಮುಂದೆ ಜನ ಕೂಡಿದರು. ಯಾರು ಎಲ್ಲಿದ್ದಾರೆ, ಯಾರ ಅಮ್ಮ ಸಿಕ್ಕಿಲ್ಲ, ಯಾರಿಗೆ ಔಷಧ ಬೇಕು, ಒಂದೊಂದೇ ಎಳೆ ಕೂಡಿಸಿದರು. ಸರ್ಕಾರಕ್ಕೆ ತನ್ನ ಜನ ಎಲ್ಲಿದ್ದಾರೆ ಅಂತ ಗೊತ್ತಿಲ್ಲದ ಹೊತ್ತಿನಲ್ಲಿ ಈ ಚರ್ಚಿಗೆ ಗೊತ್ತಿತ್ತು. ನಾನು ಸಣ್ಣವನಿದ್ದಾಗ ಸಿಟ್ಟಾಗುತ್ತಿದ್ದೆನಲ್ಲ, ಬೇರೆಯವರ ಮನೆ ಲೆಕ್ಕ ಯಾಕೆ ಅಂತ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಇಲ್ಲಿ.

ಅಕ್ಟೋಬರ್ ಶುರುವಾಗುತ್ತಿದ್ದಂತೆ ಜನ ವಾಪಸ್ ಬರತೊಡಗಿದರು. ಅಧಿಕಾರಿಗಳ ಪ್ರಕಾರ ಅದು ಹಗಲು ಬಂದು ಮನೆ ನೋಡಿಕೊಂಡು ಹೋಗಬೇಕಾದ ಜಾಗ, ಅಷ್ಟೆ. ಕರೆಂಟಿಲ್ಲ, ನಲ್ಲಿ ನೀರಿಲ್ಲ. ಆದರೂ ಫಾದರ್ ಪೂಜೆ ಇಟ್ಟರು. ಮೊದಲ ಭಾನುವಾರ 300ರಷ್ಟು ಜನ. ತಿಂಗಳು ಮುಗಿಯುವಷ್ಟರಲ್ಲಿ 2000 ದಾಟಿತ್ತು. ಪೂಜೆ ಮುಗಿಸಿ ಜನ ಮನೆಗೆ ಹೋಗಲಿಲ್ಲ. ಹೋಗಲು ಮನೆ ಎಲ್ಲಿತ್ತು? ಗುಂಪು ಕಟ್ಟಿಕೊಂಡು ಒಬ್ಬರ ಮನೆಯ ಹಲಗೆ ಕಿತ್ತು, ಇನ್ನೊಬ್ಬರ ಸೂರಿಗೆ ನೀಲಿ ಟಾರ್ಪಾಲು ಹೊದಿಸಿದರು.

ಆಮೇಲೆ ಫಾದರ್ ವಿದ್ಯುತ್ ಕಂಪನಿಗೆ ಹೋದರು. ಕರೆಂಟು ಕೊಡಿ ಅಂದರು. ಕಂಪನಿಯವರ ಪ್ರಶ್ನೆ ಒಂದೇ. ಎಷ್ಟು ಜನ ಇದ್ದೀರಿ? ಬಿಲ್ಲು ಕಟ್ಟುವವರು ಇಲ್ಲದ ಕಡೆ ಲೈನು ಎಳೆಯುವುದು ಹೇಗೆ? ಫಾದರ್ ಪೂಜೆಯ ಫೋಟೊ ತೋರಿಸಿದರು. ಫೋಟೊ ಸಾಲದು, ಹೆಸರು ವಿಳಾಸ ಬೇಕು ಅಂದರು. ಸರಿ, ಅದರಲ್ಲೇನು ಕಷ್ಟ? 500ಕ್ಕೂ ಹೆಚ್ಚು ಹೆಸರಿನ ಪಟ್ಟಿ ಬಂತು. ನವೆಂಬರ್ ಮೊದಲ ವಾರಗಳಲ್ಲಿ ವರ್ಸೈಯಲ್ಲಿ ದೀಪ ಹತ್ತಿತು. ಸುತ್ತಲಿನ ನ್ಯೂ ಆರ್ಲಿಯನ್ಸ್ ಈಸ್ಟ್ ಪೂರ್ತಿ ಕತ್ತಲು.

ಇದೇ ಪ್ರಶ್ನೆ ಇನ್ನೊಂದು ಕಡೆಯಿಂದಲೂ ಬಂತು. 2006ರ ಜನವರಿಯಲ್ಲಿ ಮೇಯರ್ ರೇ ನೇಗಿನ್ ನೇಮಿಸಿದ ಆಯೋಗ ನಗರವನ್ನು ಮತ್ತೆ ಕಟ್ಟುವ ಯೋಜನೆ ಮುಂದಿಟ್ಟಿತು. ತಗ್ಗು ಬಡಾವಣೆಗಳು ನಾಲ್ಕು ತಿಂಗಳಲ್ಲಿ ತಮ್ಮ ಜನ ವಾಪಸ್ ಬರುತ್ತಾರೆ ಅಂತ ತೋರಿಸಬೇಕು, ಇಲ್ಲದಿದ್ದರೆ ಅಲ್ಲಿ ಕಟ್ಟಲು ಬಿಡುವುದು ಕಷ್ಟ. ಪತ್ರಿಕೆಯಲ್ಲಿ ನಕ್ಷೆ ಬಂತು. ಪಾರ್ಕು ಆಗಬಹುದಾದ ಜಾಗಗಳ ಮೇಲೆ ಹಸಿರು ಚುಕ್ಕೆ. ನಿಮ್ಮ ಮನೆ ಮೇಲೆ ಯಾರೋ ಹಸಿರು ಚುಕ್ಕೆ ಇಟ್ಟಿದ್ದನ್ನು ಬೆಳಗಿನ ಕಾಫಿ ಕುಡಿಯುತ್ತಾ ಪೇಪರಿನಲ್ಲಿ ನೋಡುವುದು ಹೇಗಿರುತ್ತದೆ ಯೋಚಿಸಿ. ಊರಲ್ಲಿ ದೊಡ್ಡ ಗಲಾಟೆಯಾಗಿ ಆ ಯೋಜನೆ ಬಿದ್ದುಹೋಯಿತು. ವರ್ಸೈಯವರು ಅಷ್ಟರಲ್ಲಿ ಗೋಡೆಗೆ ಬಣ್ಣ ಹೊಡೆಯುತ್ತಿದ್ದರು. ಚರ್ಚಿನ ಹತ್ತಿರ ಮುದುಕರಿಗೆ ಮನೆ ಕಟ್ಟಿಸಲೆಂದು ಯೋಚಿಸಿದ್ದ ಜಾಗದಲ್ಲಿ ಇನ್ನೂರರ ಹತ್ತಿರ ಸರ್ಕಾರಿ ಟ್ರೇಲರ್ ಮನೆಗಳು ಬಂದು ನಿಂತವು.

ಅಷ್ಟು ಹೊತ್ತಿಗೆ ಹೊಸ ತೊಂದರೆ. ನಗರದಲ್ಲಿ ಕಿತ್ತುಹಾಕಿದ ಲಕ್ಷಾಂತರ ಟನ್ ಕಸ ಎಲ್ಲಾದರೂ ಹೋಗಬೇಕಲ್ಲ. ಮೇಯರ್ ತುರ್ತು ಅಧಿಕಾರ ಬಳಸಿ ಶೆಫ್ ಮೆಂಟಿಯೂರ್ ಹೆದ್ದಾರಿಯ ಪಕ್ಕ ಕಸದ ಗುಂಡಿಗೆ ಅನುಮತಿ ಕೊಟ್ಟರು. ವರ್ಸೈಯಿಂದ ಎರಡು ಮೈಲಿಯೊಳಗೆ. ಗುಂಡಿಯ ತಳಕ್ಕೆ ಪ್ಲಾಸ್ಟಿಕ್ ಹಾಸು ಕೂಡ ಇಲ್ಲ. ಈ ಊರಿನ ಅಜ್ಜ ಅಜ್ಜಿಯರು ಕಾಲುವೆ ದಂಡೆಯಲ್ಲಿ ತರಕಾರಿ ಬೆಳೆಯುವವರು. ಕಾಲುವೆಗೆ ಏನು ಇಳಿದರೂ ಸೊಪ್ಪಿಗೆ ಬರುತ್ತದೆ, ಸೊಪ್ಪಿನಿಂದ ಹೊಟ್ಟೆಗೆ.

ಆ ಮುದುಕರು ಜೀವಮಾನದಲ್ಲಿ ಸರ್ಕಾರದ ವಿರುದ್ಧ ಬೀದಿಗಿಳಿದವರಲ್ಲ. ನಿರಾಶ್ರಿತರಾಗಿ ಬಂದವರಿಗೆ ಒಂದು ಅಂಜಿಕೆ ಇರುತ್ತದೆ. ಅನ್ನ ಕೊಟ್ಟ ನೆಲದಲ್ಲಿ ಗಟ್ಟಿಯಾಗಿ ಮಾತಾಡಬಾರದು ಅಂತ. ಈ ಸಲ ಮಾತಾಡಿದರು. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ, ಇವರು ವಿಯೆಟ್ನಾಮಿಯಲ್ಲಿ. ನಗರಸಭೆ ಮುಂದೆ ನಿಂತರು, ಗುಂಡಿಯ ಗೇಟಿಗೂ ಹೋದರು. ಪಕ್ಕದ ಬೀದಿಗಳ ಆಫ್ರಿಕನ್ ಅಮೆರಿಕನ್ ನೆರೆಯವರೂ ಜೊತೆಗೆ ಬಂದರು. ಮೂವತ್ತು ವರ್ಷ ಅಕ್ಕಪಕ್ಕ ಬದುಕಿದರೂ ಇಬ್ಬರಿಗೂ ಅಷ್ಟಕ್ಕಷ್ಟೇ ಇತ್ತು. ಕಸ ಇಬ್ಬರನ್ನೂ ಒಂದೇ ಕಡೆ ನಿಲ್ಲಿಸಿತು. 2006ರ ಆಗಸ್ಟಿನಲ್ಲಿ ಗುಂಡಿ ಮುಚ್ಚಿತು. ಅದೇ ವರ್ಷ ಧರ್ಮಕೇಂದ್ರದಿಂದ ಒಂದು ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಆಮೇಲೆ ಅದರಿಂದಲೇ ಆಸ್ಪತ್ರೆ ಇಲ್ಲದ ಆ ಭಾಗಕ್ಕೊಂದು ಚಿಕಿತ್ಸಾಲಯ ಬಂತು, ವಿಯೆಟ್ನಾಮಿಗಳಿಗೂ ನೆರೆಯವರಿಗೂ. 2008ರ ಡಿಸೆಂಬರಿನಲ್ಲಿ ಜೋಸೆಫ್ ಕಾವ್ ಅಮೆರಿಕದ ಸಂಸತ್ತಿಗೆ ಗೆದ್ದ ಮೊದಲ ವಿಯೆಟ್ನಾಮಿ ಮೂಲದ ವ್ಯಕ್ತಿಯಾದರು. ಅವರೂ ಇದೇ ಚರ್ಚಿನವರು.

ಇಲ್ಲಿ ಒಂದು ಎಚ್ಚರಿಕೆ. ಎರಡು ವರ್ಷದಲ್ಲಿ ವರ್ಸೈಯ ವಿಯೆಟ್ನಾಮಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಮರಳಿದ್ದರು. ಕಪ್ಪು ನೆರೆಯವರಲ್ಲಿ ಅರ್ಧದಷ್ಟೂ ಮರಳಿರಲಿಲ್ಲ. ಇದನ್ನು ನೋಡಿ ಕೆಲವರು, ನೋಡಿ ಏಷ್ಯಾದವರು ಎಷ್ಟು ದುಡಿಮೆಗಾರರು ಅಂತ ಶುರು ಹಚ್ಚಿಕೊಂಡರು. ನನಗೆ ಆ ಮಾತು ಸರಿಬರುವುದಿಲ್ಲ. ಸ್ವಂತ ಮನೆ ಇದ್ದವನು ವಾಪಸ್ ಬಂದು ಸುತ್ತಿಗೆ ಹಿಡಿಯಬಹುದು. ಬಾಡಿಗೆಗಿದ್ದವನು ಎಲ್ಲಿಗೆ ಬರಬೇಕು? ಅಪಾರ್ಟ್‌ಮೆಂಟ್ ಮಾಲೀಕ ಬೀಗ ಹಾಕಿದ್ದಾನೆ. ಇನ್ನು ರಾಜ್ಯದ ‘ರೋಡ್ ಹೋಮ್’ ಪರಿಹಾರ. ಅದರಲ್ಲಿ ಮನೆಯ ಹಳೆಯ ಬೆಲೆ, ರಿಪೇರಿ ಖರ್ಚು, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಲೆಕ್ಕ. ಕಪ್ಪು ಜನ ಇರುವ ಬಡಾವಣೆಯಲ್ಲಿ ಮನೆಗೆ ಬೆಲೆ ಮೊದಲೇ ಕಡಿಮೆ. ಮೊಳೆ, ಹಲಗೆ, ಕೂಲಿಗೆ ಎಲ್ಲ ಕಡೆ ಒಂದೇ ದರ. ಕೈಗೆ ಬಂದದ್ದು ಸಾಲದೇ ಹೋಯಿತು. ಕೊನೆಗೆ ಅದು ಕೋರ್ಟಿಗೂ ಹೋಯಿತು.

ಇನ್ನು ಎರಡನೇ ಚರ್ಚು. ನಗರದ ನಡುವೆ ಟ್ರೆಮೆ ಅನ್ನುವ ಹಳೆಯ ಬಡಾವಣೆ. ಅಲ್ಲಿ ಸೇಂಟ್ ಅಗಸ್ಟೀನ್ ಚರ್ಚು. 1841ರಲ್ಲಿ ಸ್ಥಾಪನೆಯಾದ ಧರ್ಮಕೇಂದ್ರ. ಗುಲಾಮಗಿರಿ ಇದ್ದ ಕಾಲ. ಆಗ ಚರ್ಚಿನ ಬೆಂಚುಗಳನ್ನು ದುಡ್ಡು ಕೊಟ್ಟು ಹಿಡಿಯಬೇಕಿತ್ತು. ಗುಲಾಮರಲ್ಲದ ಕಪ್ಪು ಜನ ತಮಗೆ ಬೆಂಚು ಕೊಂಡರು. ಬಿಳಿಯರೂ ಪೈಪೋಟಿಗೆ ಇಳಿದರು. ಇವರು ಇನ್ನಷ್ಟು ಕೊಂಡರು, ಪಕ್ಕದ ಸಾಲಿನ ಬೆಂಚುಗಳನ್ನು ಕೊಂಡು ಗುಲಾಮರಿಗೆ ಕೂರಲು ಬಿಟ್ಟರು. ಅದನ್ನು ಇವತ್ತಿಗೂ ಬೆಂಚುಗಳ ಯುದ್ಧ ಅಂತ ಹೇಳಿಕೊಂಡು ಹೆಮ್ಮೆ ಪಡುತ್ತಾರೆ. ಚರ್ಚಿನ ಪಕ್ಕದಲ್ಲಿ ಹೆಸರಿಲ್ಲದ ಗುಲಾಮನ ಸ್ಮಾರಕವೊಂದಿದೆ. ದಪ್ಪ ಕಬ್ಬಿಣದ ಸರಪಳಿಯ ಶಿಲುಬೆ, ಅದಕ್ಕೆ ನೇತುಬಿದ್ದ ಬೇಡಿಗಳು.

ಕತ್ರಿನಾ ಆಗಿ ಆರು ತಿಂಗಳಿಗೆ, 2006ರ ಮಾರ್ಚ್ ಹೊತ್ತಿಗೆ, ಮಹಾಧರ್ಮಪ್ರಾಂತ್ಯ ಈ ಧರ್ಮಕೇಂದ್ರವನ್ನು ಮುಚ್ಚಿ ಪಕ್ಕದ ಸೇಂಟ್ ಪೀಟರ್ ಕ್ಲೇವರ್ ಜೊತೆ ಸೇರಿಸಿತು. ಕಾರಣ? ಜನ ಕಡಿಮೆ, ಹಣ ಕಡಿಮೆ. ಅದೇ ಪ್ರಶ್ನೆ, ಎಷ್ಟು ಜನ ಇದ್ದೀರಿ? ಈ ಸಲ ಕೇಳಿದ್ದು ಚರ್ಚೇ. ಹದಿನಾರು ವರ್ಷ ಅಲ್ಲಿದ್ದ ಫಾದರ್ ಜೆರೋಮ್ ಲೆಡೂ ಅವರನ್ನು ಆ ಹುದ್ದೆಯಿಂದ ಬಿಡಿಸಿದರು. ಜನ ಸುಮ್ಮನಿರಲಿಲ್ಲ. ಪ್ರತಿಭಟನೆಗೆ ಬಂದವರು ಪಾದ್ರಿಮನೆಯೊಳಗೆ ಸೇರಿಕೊಂಡು ಬಾಗಿಲು ಭದ್ರ ಮಾಡಿದರು. ಹೊಸ ಗುರು ಬಂದು ಪೂಜೆ ಮಾಡುವಾಗ ಗಲಾಟೆಯಾಗಿ ಪೂಜೆಯೇ ನಿಂತಿತು. ಏಪ್ರಿಲಿನಲ್ಲಿ ಮಹಾಧರ್ಮಾಧ್ಯಕ್ಷ ಆಲ್ಫ್ರೆಡ್ ಹ್ಯೂಸ್ ಮಾತುಕತೆಗೆ ಬಂದು, ಒಂದೂವರೆ ವರ್ಷ ಗಡುವು ಕೊಟ್ಟು ಧರ್ಮಕೇಂದ್ರವನ್ನು ಮತ್ತೆ ತೆರೆದರು. ಸೇಂಟ್ ಅಗಸ್ಟೀನ್ ಉಳಿಯಿತು. ಫಾದರ್ ಲೆಡೂ ವಾಪಸ್ ಬರಲಿಲ್ಲ. ಅವರನ್ನು ಟೆಕ್ಸಸ್ಸಿಗೆ ಕಳಿಸಿದರು.

ಎಲ್ಲ ಚರ್ಚುಗಳಿಗೂ ಅಷ್ಟು ಅದೃಷ್ಟ ಇರಲಿಲ್ಲ. 2008ರಲ್ಲಿ ಇನ್ನೊಂದು ದೊಡ್ಡ ಯೋಜನೆ ಬಂತು. 142 ಧರ್ಮಕೇಂದ್ರಗಳು 108ಕ್ಕೆ ಇಳಿಯುತ್ತವೆ ಅಂತ. ಎರಡು ಕಡೆ ಭಕ್ತರು ಚರ್ಚಿನೊಳಗೇ ಹಗಲೂ ರಾತ್ರಿ ಕಾವಲು ಕೂತರು. ಅವೆರಡೂ ಮುಳುಗಡೆಯಾದ ಚರ್ಚುಗಳಲ್ಲ. 2009ರ ಜನವರಿಯಲ್ಲಿ ಪೊಲೀಸರು ಬಂದು ಜನರನ್ನು ಹೊರಗೆ ಕರೆದೊಯ್ದರು.

ಹ್ಯೂಸ್ ಅವರ ಕಷ್ಟವನ್ನೂ ಹೇಳಬೇಕು. ಜನ ಅರ್ಧಕ್ಕರ್ಧ ಊರು ಬಿಟ್ಟಿದ್ದಾರೆ. ಪಾದ್ರಿಗಳು ಸಾಲದು. ನೂರಾರು ಕಟ್ಟಡ ಹಾಳಾಗಿವೆ, ವಿಮೆ ಪೂರ್ತಿ ಬರುತ್ತಿಲ್ಲ. ಆ ಕುರ್ಚಿಯಲ್ಲಿ ಯಾರು ಕೂತರೂ ಲೆಕ್ಕ ಹಾಕಲೇಬೇಕಿತ್ತು. ನನ್ನ ತಕರಾರು ಲೆಕ್ಕ ಹಾಕಿದ್ದಕ್ಕಲ್ಲ, ಅವಸರಕ್ಕೆ. ಊರು ಬಿಟ್ಟವರು ಇನ್ನೂ ಹ್ಯೂಸ್ಟನ್ನಿನಲ್ಲಿ, ಅಟ್ಲಾಂಟದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಗ ಇಲ್ಲಿ ತಲೆ ಎಣಿಸಿದರೆ ಕಡಿಮೆಯೇ ಬರುತ್ತದೆ. ಫಾದರ್ ವಿಯೆನ್ ಕೂಡ ಎಣಿಸಿದರು. ಆದರೆ ಅವರು ಮೊದಲು ಟೆಕ್ಸಸ್ಸಿಗೆ ಹೋಗಿ ಜನರನ್ನು ಕರೆದು, ಆಮೇಲೆ ಎಣಿಸಿದರು.

ಈ ಮಾತು ಹಿಂದೊಮ್ಮೆ ಬೇರೆ ಕಡೆ ಹೇಳಿದಾಗ ಒಬ್ಬರು ಎದ್ದು ಕೇಳಿದ್ದರು. ಅಲ್ಲ ಸಾರ್, ಪ್ರಾರ್ಥನೆಯ ವಿಷಯವನ್ನೇ ಹೇಳಲಿಲ್ಲವಲ್ಲ ಅಂತ. ಹೌದು, ಹೇಳಬೇಕು. ನ್ಯೂ ಆರ್ಲಿಯನ್ಸಿನ ಕಥೋಲಿಕರು ಚಂಡಮಾರುತದ ಕಾಲ ಪೂರ್ತಿ, ಜೂನಿನಿಂದ ನವೆಂಬರಿನವರೆಗೆ, ಪೂಜೆಯಲ್ಲಿ ಒಂದು ವಿಶೇಷ ಪ್ರಾರ್ಥನೆ ಹೇಳುತ್ತಾರೆ. ಅವರ ಪಾಲಕಿಯ ಹೆಸರು ಅವರ್ ಲೇಡಿ ಆಫ್ ಪ್ರಾಂಪ್ಟ್ ಸಕ್ಕರ್. ಕನ್ನಡದಲ್ಲಿ ಕರೆದ ಕೂಡಲೇ ಒದಗುವ ತಾಯಿ ಅನ್ನಬಹುದೇನೋ. 2005ರಲ್ಲೂ ಆ ಪ್ರಾರ್ಥನೆ ಹೇಳಿದ್ದರು. 2021ರಲ್ಲೂ ಹೇಳಿದ್ದರು. ಆ ವರ್ಷ ಐಡಾ ಚಂಡಮಾರುತ ಬಂದ ದಿನಾಂಕ ಯಾವುದು ಗೊತ್ತಾ? ಆಗಸ್ಟ್ 29, ಕತ್ರಿನಾ ಬಂದ ದಿನವೇ. ಹದಿನಾರು ವರ್ಷದಲ್ಲಿ ಕಟ್ಟಿದ ಹೊಸ ಏರಿಗಳು ಆ ಸಲ ನಗರವನ್ನು ಕಾದವು. ಏರಿಯ ಹೊರಗಿದ್ದ ಕಡಲಂಚಿನ ಊರುಗಳು ನಜ್ಜುಗುಜ್ಜಾದವು. ಈಗಲೂ ಜೂನ್ ಬಂದರೆ ಅದೇ ಪ್ರಾರ್ಥನೆ.

ಕೊನೆಗೆ ಒಂದು ಸಣ್ಣ ವಿಷಯ. ನನ್ನ ತಮ್ಮ ಹ್ಯೂಸ್ಟನ್ನಿನಲ್ಲಿದ್ದಾನೆ. ಕೆಲವು ವರ್ಷದ ಹಿಂದೆ ಅವನ ಕಾರಿನಲ್ಲಿ ನ್ಯೂ ಆರ್ಲಿಯನ್ಸಿಗೆ ಹೋಗಿ, ಒಂದು ಶನಿವಾರ ಬೆಳಗಿನ ಜಾವ ವರ್ಸೈಯ ಸಂತೆಗೆ ಹೋಗಿದ್ದೆವು. ಸೂರ್ಯ ಹುಟ್ಟುವ ಮೊದಲೇ ಶುರುವಾಗುವ ಸಂತೆ. ಅಂಗಡಿ ಸಾಲಿನ ನಡುವಿನ ಅಂಗಳದಲ್ಲಿ, ಶಂಕುವಿನಾಕಾರದ ಹುಲ್ಲಿನ ಟೋಪಿ ಹಾಕಿಕೊಂಡ ಅಜ್ಜಿಯರು ನೆಲದ ಮೇಲೆ ಹಾಸು ಹಾಸಿ ಕೂತಿದ್ದರು. ಹಾಗಲಕಾಯಿ, ಸೋರೆಕಾಯಿ, ಕೆಸುವಿನ ದಂಟು, ಮಜ್ಜಿಗೆಹುಲ್ಲು. ಮತ್ತೆ ನೋಡಿದರೆ ಬಸಳೆ! ನಮ್ಮದೇ ಬಸಳೆ, ದಪ್ಪ ಎಲೆಯದ್ದು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ವಿಯೆಟ್ನಾಮಿ ಬಾರದು. ಬೆರಳು ತೋರಿಸಿ ಐದು ಕಟ್ಟು ಕೇಳಿದೆ. ಅಜ್ಜಿ ಬಾಯಲ್ಲೇ ಮೊತ್ತ ಗುಣುಗುಣಿಸಿ, ಒಂದೊಂದಾಗಿ ಎಣಿಸಿ ಐದು ಕಟ್ಟು ಚೀಲಕ್ಕೆ ಹಾಕಿದರು. ದುಡ್ಡು ತಗೊಂಡರು. ಆಮೇಲೆ ನನ್ನ ಮುಖ ನೋಡಿ ಇನ್ನೊಂದು ಕಟ್ಟು ಎತ್ತಿ ಮೇಲಿಟ್ಟರು. ನಮ್ಮಲ್ಲಿ ಅದಕ್ಕೆ ಕೊಸರು ಅನ್ನುತ್ತಾರೆ. ನ್ಯೂ ಆರ್ಲಿಯನ್ಸಿನಲ್ಲೂ ಅದಕ್ಕೊಂದು ಪದ ಇದೆ ಅಂತ ತಮ್ಮ ಕಾರಿನಲ್ಲಿ ಹೇಳಿದ. ಲಾನ್ಯಾಪ್ ಅಂತ.